ಗಡಿಯಾಚೆ ಕಟ್ಟಿಸಿದ ಹಲ್ಲು

ತ್ರಯಾನೋಸ್ ಮೇಷ್ಟ್ರು ನಕ್ಕದ್ದೇ ಅವತ್ತಿನ ಅನಾಹುತಕ್ಕೆಲ್ಲ ಮೂಲ.

ನಗುವುದು ಅಪರಾಧವಲ್ಲ, ನಿಜ. ಆದರೆ ಶನಿವಾರ ಬೆಳಗ್ಗೆ, ಗ್ರೀಕ್ ದೇಶದ ಗಡಿಯೂರಾದ ಫ್ಲೋರಿನಾದ ನದಿ ದಂಡೆಯ ಕಾಫಿ ಅಂಗಡಿಯಲ್ಲಿ, ಊರಿನ ಹತ್ತು ಜನರ ಎದುರಿಗೆ, ಅದೂ ಸಂಘದ ಚುನಾವಣೆಯ ದಿನವೇ ಹಾಗೆ ಬಾಯಿ ಅಗಲಿಸಿ ನಗಬಾರದಿತ್ತು. ತಿಂಗಳ ಹಿಂದಿನವರೆಗೆ ಆ ಬಾಯಲ್ಲಿ ತಂಬಾಕಿನ ಬಣ್ಣದ ನಾಲ್ಕಾರು ಹಲ್ಲುಗಳು ಮಾತು ಬಿಟ್ಟ ದಾಯಾದಿಗಳಂತೆ ದೂರ ದೂರ ನಿಂತಿದ್ದವು. ಈಗ ನೋಡಿದರೆ ಮೇಲೂ ಕೆಳಗೂ ಸಾಲು ಸಾಲು, ಬೆಳ್ಳಗೆ, ಹಬ್ಬಕ್ಕೆ ಸುಣ್ಣ ಬಳಿದ ಗೋಡೆಯ ಹಾಗೆ.

"ಏನ್ ಮೇಷ್ಟ್ರೇ, ಬಾಯಲ್ಲಿ ಲೈಟ್ ಹಾಕ್ಸಿದೀರಾ?" ಅಂದ ಕಾಫಿ ಅಂಗಡಿಯ ಸೊತಿರಿಸ್.

"ಒಳ್ಳೇ ಡಾಕ್ಟ್ರು ಸಿಕ್ಕಿದ್ರು ಕಣಯ್ಯ," ಅಂದರು ಮೇಷ್ಟ್ರು.

ಎಲ್ಲಿ ಸಿಕ್ಕಿದ್ರು ಎಂದು ಯಾರೂ ಕೇಳಲಿಲ್ಲ. ಹೊಸ ಹಲ್ಲು ಎಲ್ಲಿಂದ ಬಂತೆಂದು ಕೇಳುವ ಪದ್ಧತಿ ಫ್ಲೋರಿನಾದಲ್ಲಿ ಇಲ್ಲ.

ಮೂಲೆಯ ಮೇಜಿನಲ್ಲಿ ಕೂತಿದ್ದ ಪಾಂದೆಲಿಸ್‌ಗೆ ಬಾಯಲ್ಲಿದ್ದ ಕಾಫಿ ಕಷಾಯವಾಯಿತು. ಅವನು ಊರಿನಲ್ಲಿ ಕಟ್ಟಿಗೆ ಒಲೆ, ಹೊಗೆಕೊಳವೆ ಮಾರುವವನು. ಹೊಟ್ಟೆಪಾಡು ಅದಾದರೂ ಪ್ರಾಣ ಇದ್ದದ್ದು ಪ್ರಾಚೀನ ಮ್ಯಾಸಿಡೋನಿಯಾ ಅಭಿಮಾನಿ ಸಂಘದ ಅಧ್ಯಕ್ಷಗಿರಿಯಲ್ಲಿ. ಹನ್ನೊಂದು ವರ್ಷದಿಂದ ಆ ಕುರ್ಚಿ ಅವನದೇ. ವರ್ಷಕ್ಕೊಮ್ಮೆ ಅವನು ಎದ್ದು ನಿಂತು, ಅಲೆಕ್ಸಾಂಡರ್ ಗ್ರೀಕ, ಅವನಪ್ಪ ಫಿಲಿಪ್ ಗ್ರೀಕ, ಅವರ ಕುದುರೆಗೆ ಹುಲ್ಲು ಹಾಕುವವನು ಕೂಡ ಅಪ್ಪಟ ಗ್ರೀಕ ಎಂದು ಭಾಷಣ ಮಾಡುತ್ತಿದ್ದ. ಗಡಿ ದಾಟಿ ಅರ್ಧ ಗಂಟೆ ಹೋದರೆ ಸಿಗುವ, ಪಕ್ಕದ ದೇಶದ ಬಿತೋಲಾದಲ್ಲಿ, ಇವರ್ಯಾರೂ ಗ್ರೀಕರೇ ಅಲ್ಲ, ನಮ್ಮವರು ಎಂದು ಅಷ್ಟೇ ಜೋರಾಗಿ ಭಾಷಣ ಮಾಡುವವರಿದ್ದರು. ಸತ್ತು ಎರಡು ಸಾವಿರದ ಮುನ್ನೂರು ವರ್ಷವಾದ ಮನುಷ್ಯನ ಕುಲಗೋತ್ರಕ್ಕೆ ಎರಡು ಊರು ಊಟ ಬಿಟ್ಟು ಜಗಳವಾಡುವುದು ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ಅವರ ಮನೆಯಲ್ಲಿ ಆಸ್ತಿ ಹಂಚಿಕೆ ಆಗಿರಲಿಕ್ಕಿಲ್ಲ, ಬಿಡಿ.

ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಈ ಸಲ ಅವನಿಗೊಬ್ಬ ಎದುರಾಳಿ ಹುಟ್ಟಿದ್ದ. ವ್ಯಾಯಾಮದ ಮೇಷ್ಟ್ರಾಗಿ ನಿವೃತ್ತರಾದ ಈ ತ್ರಯಾನೋಸ್. ಸಂಜೆ ಏಳಕ್ಕೆ ಸಭೆ. ಇಬ್ಬರಿಗೂ ಹತ್ತು ಹತ್ತು ನಿಮಿಷ ಭಾಷಣ, ಆಮೇಲೆ ಕೈ ಎತ್ತುವುದು. ಮೇಷ್ಟ್ರಿಗೆ ಎತ್ತರವಿತ್ತು, ತುಂಬು ಕೂದಲಿತ್ತು, ಗಂಟಲಿತ್ತು. ಇಲ್ಲದಿದ್ದದ್ದು ಹಲ್ಲೊಂದೇ. ಅದೊಂದು ಕೊರತೆಯನ್ನು ನೆನೆದು ಪಾಂದೆಲಿಸ್ ಇಷ್ಟು ದಿನ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ. ಈಗ ಅದೂ ಹೋಯಿತು.

ಮನೆಗೆ ಬಂದರೆ ಹೆಂಡತಿ ಎವ್ದೋಕ್ಸಿಯಾ ಕೆಂಪು ಮೆಣಸಿನಕಾಯಿ ಸುಡುತ್ತ ಅದೇ ರಾಗ ತೆಗೆದಳು.

"ಮೇಷ್ಟ್ರ ಹಲ್ಲು ನೋಡ್ದ್ಯಾ ಪಾಂದೆಲಿ? ಹತ್ತು ವರ್ಷ ಚಿಕ್ಕೋರಾಗಿ ಕಾಣ್ತಾರೆ. ನಿನ್ನೆ ಚರ್ಚಿನ ಮುಂದೆ ನಕ್ರು ನೋಡು, ಹೆಂಗಸರೆಲ್ಲ ದಾರಿ ಮರೆತು ನಿಂತ್ಬಿಟ್ರು."

"ನೀನೂ ನಿಂತ್ಯಾ?"

"ನಾನ್ಯಾಕೆ ನಿಲ್ಲಲಿ? ಸ್ವಲ್ಪ ನಿಧಾನ ಮಾಡ್ದೆ ಅಷ್ಟೆ."

ಪಾಂದೆಲಿಸ್ ಮೇಜಿನ ಮೇಲಿದ್ದ ಒಣ ರೊಟ್ಟಿಯನ್ನು ತೆಗೆದು, ಅದೇ ಮೇಷ್ಟ್ರ ಕುತ್ತಿಗೆ ಎಂದು ಭಾವಿಸಿ ಕಚ್ಚಿದ. ಕಟಕ್ ಎಂದು ಸದ್ದಾಯಿತು. ರೊಟ್ಟಿ ಹಾಗೇ ಇತ್ತು. ಅವನ ಮುಂದಿನ ಎರಡು ಹಲ್ಲು ಅಂಗೈಗೆ ಬಂದಿದ್ದವು.

ಕನ್ನಡಿಯ ಮುಂದೆ ನಿಂತು ಭಾಷಣದ ಮೊದಲ ಸಾಲು ಹೇಳಿ ನೋಡಿದ. ಮಾತಿಗಿಂತ ಗಾಳಿಯೇ ಹೆಚ್ಚು ಬಂತು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುತ್ತಾರೆ. ಇಲ್ಲಿ ಮೇಷ್ಟ್ರ ಬಳಿ ಎರಡೂ ಇದ್ದವು. ಅದೇ ಅವನ ಹೊಟ್ಟೆಯಲ್ಲಿ ಒಲೆ ಹಚ್ಚಿದ್ದು.

"ಹೋಗ್ಲಿ ಬಿಡು," ಎಂದು ಎವ್ದೋಕ್ಸಿಯಾ ಸಮಾಧಾನ ಹೇಳಿದಳು. "ಈ ವರ್ಷ ಮೇಷ್ಟ್ರೇ ಆಗ್ಲಿ. ನೀನು ಮನೇಲಿ ಕೂತ್ಕೋ."

ಆ ಸಮಾಧಾನವಿಲ್ಲದಿದ್ದರೆ ಅವನು ಬಹುಶಃ ಮನೆಯಲ್ಲೇ ಕೂರುತ್ತಿದ್ದ.

ಊರಿನ ಹಲ್ಲಿನ ಡಾಕ್ಟರು ಯಾರದೋ ಮಗುವಿನ ನಾಮಕರಣಕ್ಕೆ ದ್ವೀಪಕ್ಕೆ ಹೋಗಿದ್ದರು. ಸೋಮವಾರದವರೆಗೆ ಬಾಗಿಲಿಗೆ ಬೀಗ. ಭಾಮೈದ ಅರ್ಗೀರಿಸ್‌ಗೆ ಫೋನು ಮಾಡಿದರೆ ಅವನು ಒಂದೇ ಮಾತಲ್ಲಿ ಮುಗಿಸಿದ. "ಆಚೆ ಹೋಗಿಬಿಡು ಭಾವ. ಬ್ಲಾಗೋಯಾ ಡಾಕ್ಟ್ರು ಅಂತ ಇದಾರೆ. ಮಧ್ಯಾಹ್ನದೊಳಗೆ ಕೂರ್ಸಿ ಕಳಿಸ್ತಾರೆ. ನಿನ್ನ ಕಾರು ಬೇಡ, ಎಲ್ಲರಿಗೂ ಗುರುತು. ನನ್ನದು ತಗೊಂಡು ಹೋಗು."

"ನಾನಾ? ಆಚೆಗಾ?"

ಪಾಂದೆಲಿಸ್ ಹಾಗೆ ಬೆಚ್ಚಿಬೀಳಲು ಕಾರಣವಿತ್ತು. ಸಂಘದ ಸದಸ್ಯ ಯಾರೇ ಆಗಲಿ, ಪೆಟ್ರೋಲಿಗೋ ಮಾಂಸಕ್ಕೋ ಚಪ್ಪಲಿಗೋ ಹಲ್ಲಿಗೋ ಗಡಿಯಾಚೆ ಕಾಲಿಟ್ಟರೆ ಅವತ್ತೇ ಉಚ್ಚಾಟನೆ ಎಂಬ ನಿಯಮವೊಂದಿತ್ತು. ಅದನ್ನು ಬರೆದವನು ಅವನೇ. ಮೂರು ವರ್ಷದ ಹಿಂದೆ ಪಕ್ಕದ ಮನೆಯವರು ಅಲ್ಲಿಂದ ಅರ್ಧ ಬೆಲೆಗೆ ಒಂದು ಇಡೀ ಕುರಿ ತಂದು ತಿಂದದ್ದನ್ನು ನೋಡಲಾರದೆ ಬರೆದದ್ದು.

ಆದರೂ ಹೊರಟ. ಮಫ್ಲರನ್ನು ಮೂಗಿನವರೆಗೆ ಸುತ್ತಿ, ಭಾಮೈದನ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಬರಿಯ ಕಣ್ಣಾಗಿ ಕಾರು ನಡೆಸಿದ. ಗಡಿಯ ಗೂಡಿನಲ್ಲಿ ಕೂತಿದ್ದ ಪೊಲೀಸ್ ಗುರುತಿನ ಚೀಟಿ ನೋಡಿದ, ಕಣ್ಣು ನೋಡಿದ, ಮತ್ತೆ ಚೀಟಿ ನೋಡಿದ.

"ಅರೆ, ಅಧ್ಯಕ್ಷರು! ನೀವೂ ಹಲ್ಲಿಗಾ?"

"ಛೆ ಛೆ. ಎದುರು ಪಕ್ಷದವರ ವಾದ ಏನು ಅಂತ ಅಧ್ಯಯನಕ್ಕೆ ಹೋಗ್ತಿದೀನಿ," ಅಂದ ಪಾಂದೆಲಿಸ್, ಮಫ್ಲರಿನೊಳಗಿಂದ.

"ಹೋಗ್ಬನ್ನಿ. ಈ ತಿಂಗಳು ಅಧ್ಯಯನಕ್ಕೆ ಹೋಗೋರು ಜಾಸ್ತಿ ಆಗಿದಾರೆ," ಎಂದು ಪೊಲೀಸ್ ಗೇಟು ಎತ್ತಿದ.

ಬ್ಲಾಗೋಯಾ ಡಾಕ್ಟರು ಭಾರಿ ಆಳು. ರೋಗಿಗಳ ಜೊತೆ ಮಾತಾಡಿ ಮಾತಾಡಿಯೇ ಗ್ರೀಕ್ ಕಲಿತಿದ್ದರು. ಚಿಕಿತ್ಸೆಯ ಕೋಣೆಯಲ್ಲಿ ಕುದುರೆಯೇರಿದ ಅಲೆಕ್ಸಾಂಡರನ ದೊಡ್ಡ ಚಿತ್ರ ತೂಗುತ್ತಿತ್ತು. ಅದನ್ನು ಕಂಡ ಕೂಡಲೇ ಪಾಂದೆಲಿಸ್‌ನ ಮೈ ಉರಿಯಿತು. ನಮ್ಮ ಮನೆಯ ಹಿರಿಯರ ಫೋಟೋ ಪರರ ಗೋಡೆಯ ಮೇಲೆ ಕಂಡರೆ ಯಾರಿಗೆ ತಾನೆ ಉರಿಯುವುದಿಲ್ಲ?

"ಎಲ್ಲಿಂದ ಬಂದ್ರಿ ಯಜಮಾನ್ರೇ? ಬೇಡ, ಹೇಳ್ಬೇಡಿ. ನಮ್ಮೂರೋರು ಮಫ್ಲರ್ ಸುತ್ಕೊಂಡು ಹಿಂಬಾಗಿಲಲ್ಲಿ ಬರಲ್ಲ," ಎಂದು ಡಾಕ್ಟರು ಕುರ್ಚಿ ತೋರಿಸಿದರು. ಬಾಯೊಳಗೆ ಹತ್ತಿ ತುರುಕಿದರು, ನಳಿಗೆ ಇಟ್ಟರು, ಸೂಜಿ ಚುಚ್ಚಿದರು. ಪಾಂದೆಲಿಸ್ ಇನ್ನು ಮಾತಾಡಲಾರ ಎಂದು ಖಾತ್ರಿಯಾದ ಮೇಲೆ ಚರ್ಚೆ ಶುರು ಮಾಡಿದರು.

"ಫಿಲಿಪ್ ಕಾಲದ ದೊಡ್ಡ ಭಾಷಣಕಾರ ಡೆಮೋಸ್ಥೆನೀಸ್ ಗ್ರೀಕ ತಾನೆ?"

"ಆಂ."

"ಫಿಲಿಪ್ ಗ್ರೀಕನೂ ಅಲ್ಲ, ಗ್ರೀಕರಿಗೆ ನೆಂಟನೂ ಅಲ್ಲ ಅಂತ ತುಂಬಿದ ಸಭೇಲಿ ಅವನೇ ಹೇಳ್ಲಿಲ್ವಾ?"

ಈ ಪ್ರಶ್ನೆಗೆ ಪಾಂದೆಲಿಸ್ ಬಳಿ ಹನ್ನೊಂದು ವರ್ಷದಿಂದ ಚಪ್ಪಾಳೆ ಗಿಟ್ಟಿಸಿದ ಉತ್ತರವಿತ್ತು. ಅದು ಹೊಟ್ಟೆಕಿಚ್ಚಿನ ಮಾತು ಸ್ವಾಮಿ, ಪಕ್ಕದವನು ಮೇಲೇರುವುದನ್ನು ಕಂಡು ಸಂಕಟಪಡುವವನು ಏನು ಬೇಕಾದರೂ ಹೇಳುತ್ತಾನೆ, ಅವನ ಸಾಕ್ಷಿ ನಡೆಯುವುದಿಲ್ಲ! ಇಷ್ಟನ್ನೂ ಅವನು ಹೇಳಿದ. ಹತ್ತಿಯ ಆಚೆಗೆ ಬಂದದ್ದು "ಆ ಆ ಆಂ" ಅಷ್ಟೆ.

"ಒಪ್ಪಿದ್ರಿ, ಸಂತೋಷ. ಇನ್ನೂ ದೊಡ್ಡದಾಗಿ ಬಾಯಿ ತೆಗೀರಿ. ಮ್ಯಾಸಿಡೋನಿಯಾದ ರಾಜ ಒಲಿಂಪಿಕ್ ಓಟಕ್ಕೆ ಹೋದಾಗ, ಇದು ಗ್ರೀಕರಿಗೆ ಮಾತ್ರ ಅಂತ ಉಳಿದೋರು ತಡೀಲಿಲ್ವಾ?"

ಆಮೇಲೆ ಓಡಲು ಬಿಟ್ಟರಲ್ಲ! ಎಂದು ಕೂಗಲು ಪಾಂದೆಲಿಸ್ ತಲೆ ಎತ್ತಿದ. ಯಂತ್ರ ವಸಡಿಗೆ ತಾಗಿತು. ಅವನು ತೆಪ್ಪಗೆ ಮಲಗಿದ.

ಎರಡು ಗಂಟೆಯ ಹೊತ್ತಿಗೆ ಇತಿಹಾಸ ಪೂರ್ತಿ ಬಿತೋಲಾದ ಪಾಲಾಯಿತು. ಹಲ್ಲಿನ ಬಣ್ಣ ಆರಿಸುವ ಸಮಯ ಬಂದಾಗ ಹತ್ತಿ ತೆಗೆದರು. ವಾದಕ್ಕೆ ಉತ್ತರ ಕೊಡಲು ಅದೇ ಸರಿಯಾದ ಹೊತ್ತು. ಆದರೆ ಪಾಂದೆಲಿಸ್‌ನ ತಲೆಯಲ್ಲಿ ಆಗ ಇತಿಹಾಸವಿರಲಿಲ್ಲ.

"ಇದಕ್ಕಿಂತ ಬೆಳ್ಳಗಿರೋದು ಇಲ್ವಾ ಡಾಕ್ಟ್ರೇ?"

"ಇದಕ್ಕಿಂತ ಬೆಳ್ಳಗಿರೋದು ಕಕ್ಕಸಿನ ಬೇಸಿನ್ನು ಮಾತ್ರ ಯಜಮಾನ್ರೇ. ನಿಮ್ಮೂರಿನ ಆ ಉದ್ದನೆ ಮೇಷ್ಟ್ರೂ ಇದನ್ನೇ ತಗೊಂಡಿದ್ದು."

ಪಾಂದೆಲಿಸ್ ಕುರ್ಚಿಯಿಂದ ಅರ್ಧ ಎದ್ದ. "ಯಾವ ಮೇಷ್ಟ್ರು?"

ಡಾಕ್ಟರು ಬಾಗಿಲ ಪಕ್ಕದ ಗೋಡೆ ತೋರಿಸಿದರು. ಅಲ್ಲಿ ಚೌಕಟ್ಟಿನೊಳಗೆ ತ್ರಯಾನೋಸ್ ಮೇಷ್ಟ್ರು, ಇದೇ ಕುರ್ಚಿಯಲ್ಲಿ, ಡಾಕ್ಟರ ಹೆಗಲ ಮೇಲೆ ಕೈ ಹಾಕಿ, ಎಲ್ಲ ಹಲ್ಲೂ ತೋರಿಸಿ ನಗುತ್ತಿದ್ದರು. ಹಿಂದೆ ಕುದುರೆಯ ಮೇಲೆ ಅಲೆಕ್ಸಾಂಡರ್.

ಇಂಥ ಸಂತೋಷ ಪಾಂದೆಲಿಸ್‌ಗೆ ಮದುವೆಯ ದಿನವೂ ಆಗಿರಲಿಲ್ಲ. ಗಡಿ ದಾಟಿದವನು! ನಿಯಮ ಮುರಿದವನು! ಈ ಫೋಟೋ ಒಂದನ್ನು ಸಭೆಯಲ್ಲಿ ಎತ್ತಿ ಹಿಡಿದರೆ ಸಾಕು, ಹಲ್ಲು ಸಮೇತ ಆ ಮನುಷ್ಯ ಹೊರಗೆ.

"ಡಾಕ್ಟ್ರೇ, ಆ ಫೋಟೋ ನನಗೆ ಕೊಡಿ."

"ಅದು ಹೇಗ್ ಕೊಡ್ಲಿ? ನನಗೆ ಬಹಳ ಬೇಕಾದ ಮನುಷ್ಯ."

"ನನಗೂ ಬಹಳ ಬೇಕಾಗಿದೆ. ಏನು ಕೇಳಿದ್ರೂ ಕೊಡ್ತೀನಿ."

ಡಾಕ್ಟರು ಸ್ವಲ್ಪ ಯೋಚಿಸಿ, ಮೇಜಿನ ಡ್ರಾಯರಿನಿಂದ ದಪ್ಪನೆಯದೊಂದು ನೋಟ್‌ಬುಕ್ ತೆಗೆದರು. ಆಚೆಯಿಂದ ಬಂದು, ವಾದದಲ್ಲಿ ಸೋತವರು ಅದರಲ್ಲಿ ತಮ್ಮ ಕೈಯಾರೆ ಒಂದು ಸಾಲು ಬರೆದು ಸಹಿ ಹಾಕುವುದು ರೂಢಿಯಂತೆ. ಪ್ರಾಚೀನ ಮ್ಯಾಸಿಡೋನಿಯನ್ನರು ಗ್ರೀಕರಲ್ಲ. ಅಷ್ಟೇ ಸಾಲು. "ಇದು ಬರೆದ್ರೆ ಫೋಟೋ ನಿಮ್ಮದು. ಹುದ್ದೆ ಇದ್ರೆ ಅದನ್ನೂ ಹಾಕಿ, ನೋಡೋಕೆ ಚೆನ್ನಾಗಿರುತ್ತೆ."

ಪಾಂದೆಲಿಸ್ ಅಲೆಕ್ಸಾಂಡರನನ್ನು ನೋಡಿದ. ಹನ್ನೊಂದು ಭಾಷಣ ನೆನಪಾದವು. ಅವನ ಕಣ್ಣಲ್ಲಿ ನಿಜಕ್ಕೂ ನೀರು ಬಂತು. ಅಷ್ಟರಲ್ಲಿ ಕಣ್ಣು ಬಾಗಿಲ ಪಕ್ಕಕ್ಕೆ ಹೊರಳಿತು. ಮೇಷ್ಟ್ರು ನಗುತ್ತಿದ್ದರು. ಪಾಂದೆಲಿಸ್ ಪೆನ್ನು ತೆಗೆದುಕೊಂಡು, ಒಂದಕ್ಷರ ಬಿಡದೆ ಬರೆದು, ಅಧ್ಯಕ್ಷ ಎಂದೂ ಸೇರಿಸಿ ಸಹಿ ಹಾಕಿದ. ಹೊಟ್ಟೆಕಿಚ್ಚು ಇತಿಹಾಸಕ್ಕಿಂತ ಹಳೆಯದು, ಅದರ ಮುಂದೆ ಅಲೆಕ್ಸಾಂಡರನ ಆಟವೂ ನಡೆಯಲಿಲ್ಲ.

ಡಾಕ್ಟರು ಫೋಟೋ ಬಿಚ್ಚಿ, ನೆನಪಿಗಿರಲಿ ಎಂದು ಅದರ ಬೆನ್ನಿನ ಮೇಲೆ ತಮ್ಮ ಭಾಷೆಯಲ್ಲಿ ನಾಲ್ಕು ಸಾಲು ಗೀಚಿ ಕೊಟ್ಟರು. ಪಾಂದೆಲಿಸ್ ಅದರ ಕಡೆ ನೋಡಲೂ ಇಲ್ಲ. ಅವನಿಗೆ ಬೇಕಾಗಿದ್ದದ್ದು ಮುಂಭಾಗ.

ಸಂಜೆ ಏಳಕ್ಕೆ ಸಭಾಭವನ ತುಂಬಿತ್ತು. ಹೊರಗೆ ಫ್ಲೋರಿನಾದ ಚಳಿ, ಒಳಗೆ ಪಾಂದೆಲಿಸ್ ತಾನೇ ಕೊಡಿಸಿದ್ದ ಕಟ್ಟಿಗೆ ಒಲೆ. ಮೇಷ್ಟ್ರು ಮೊದಲು ಮಾತಾಡಿದರು. ಹಳೆಯ ಸಮಾಧಿ ಕಲ್ಲುಗಳ ಮೇಲಿನ ಹೆಸರುಗಳ ಬಗ್ಗೆ, ಸರಳವಾಗಿ, ಚೆನ್ನಾಗಿ ಮಾತಾಡಿದರು. ಜನ ಚಪ್ಪಾಳೆ ಹೊಡೆದರು. ಎವ್ದೋಕ್ಸಿಯಾ ಎಲ್ಲರಿಗಿಂತ ಒಂದು ಚಪ್ಪಾಳೆ ಹೆಚ್ಚು ಹೊಡೆದಳೆಂದು ಪಾಂದೆಲಿಸ್ ಎಣಿಸಿಕೊಂಡ.

ತನ್ನ ಸರದಿ ಬಂದಾಗ ಅವನು ಎದ್ದು ನಿಂತು ಮೊದಲು ನಕ್ಕ. ಒಂದು ನಿಮಿಷ ಪೂರ್ತಿ ನಕ್ಕ.

"ನಿನಗೂ ಹೊಸ ಹಲ್ಲು!" ಅಂದ ಸೊತಿರಿಸ್ ಹಿಂದಿನ ಸಾಲಿನಿಂದ.

"ಹಲ್ಲು ಮುಖ್ಯ ಅಲ್ಲ, ಅದು ಎಲ್ಲಿಂದ ಬಂತು ಅನ್ನೋದು ಮುಖ್ಯ," ಎಂದು ಪಾಂದೆಲಿಸ್ ಗುಡುಗಿದ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬುದು ಅವನಿಗೆ ತೋಚಲಿಲ್ಲ. "ನಮ್ಮ ಪೂರ್ವಿಕರನ್ನ ಕದಿಯೋರ ಎದುರಿಗೆ ಬಾಯಿ ತೆಗೆದು ಮಲಗಿದ ಮನುಷ್ಯ ಒಬ್ಬ ಈ ಸಭೇಲಿ ಇದಾನೆ! ಅವನಿಗೆ ಅಧ್ಯಕ್ಷಗಿರಿ ಬೇಕಂತೆ! ನೋಡಿ!" ಎಂದು ಫೋಟೋ ಎತ್ತಿ ಹಿಡಿದ.

ಸಭೆ ಹೋ ಎನ್ನುತ್ತದೆಂದು ಅವನು ಎಣಿಸಿದ್ದ. ಆದರೆ ಮುಂದಿನ ಸಾಲಿನಲ್ಲಿ ಒಬ್ಬರು ಮೆಲ್ಲಗೆ ಬಾಯಿ ಮುಚ್ಚಿಕೊಂಡರು. ಪಕ್ಕದವರೂ ಮುಚ್ಚಿಕೊಂಡರು. ಹಾಗೇ ಹಿಂದಿನ ಸಾಲಿನವರೆಗೆ ಒಬ್ಬೊಬ್ಬರಾಗಿ ತುಟಿ ಬಿಗಿದು, ಚಾವಣಿ ನೋಡತೊಡಗಿದರು.

ಮೇಷ್ಟ್ರು ಮಾತ್ರ ಎದ್ದು ನಿಂತರು. "ನಿಜ. ಆಚೆ ಹೋಗಿದ್ದೆ. ನನ್ನ ಪಿಂಚಣಿಗೆ ಇಲ್ಲಿ ಹಲ್ಲು ಬರ್ತಿರ್ಲಿಲ್ಲ. ನಿಯಮ ಮುರಿದದ್ದು ತಪ್ಪು. ನಾನು ಚುನಾವಣೆಗೆ ನಿಲ್ಲಲ್ಲ, ಸಂಘದಲ್ಲೂ ಇರಲ್ಲ."

ಪಾಂದೆಲಿಸ್‌ಗೆ ಆಕಾಶ ಮೂರೇ ಗೇಣು ಉಳಿಯಿತು. ಕುರ್ಚಿ ಅವನದೇ. ಹನ್ನೆರಡನೆಯ ವರ್ಷ ಶುರುವಾಗಿ ಆಗಲೇ ಅರ್ಧ ನಿಮಿಷವಾಗಿತ್ತು. ಅಷ್ಟರಲ್ಲಿ ಫೋಟೋ ಕೈಯಿಂದ ಕೈಗೆ ಹೋಗಿ ಎವ್ದೋಕ್ಸಿಯಾಳನ್ನು ತಲುಪಿತ್ತು. ಅವಳು ಬಹಳ ಹೊತ್ತು ಮುಂಭಾಗ ನೋಡಿ, ಆಮೇಲೆ ತಿರುಗಿಸಿದಳು.

"ಹಿಂದೆ ಏನೋ ಬರೆದಿದೆ."

"ಅವರ ಭಾಷೇಲಿದೆ. ಯಾರಿಗೆ ಬರುತ್ತೆ ಅದು? ಬಿಡು," ಅಂದ ಪಾಂದೆಲಿಸ್.

ಯಾರಿಗೂ ಬರುವುದಿಲ್ಲ ಎಂದು ಸಭೆಯಿಡೀ ತಲೆಯಾಡಿಸಿತು. ಫ್ಲೋರಿನಾದಲ್ಲಿ ಆ ಭಾಷೆ ಯಾರಿಗೂ ಬರುವುದಿಲ್ಲ. ಅಜ್ಜಿಯರು ಮೊಮ್ಮಕ್ಕಳನ್ನು ಬೈಯುವಾಗ ಮಾತ್ರ ಅದು ತಾನಾಗಿ ಬರುತ್ತದೆ.

"ನನಗೂ ಬರಲ್ಲ," ಎಂದು ಎವ್ದೋಕ್ಸಿಯಾ ಕನ್ನಡಕ ಹಾಕಿಕೊಂಡಳು. "ಸುಮ್ನೆ ಅಂದಾಜಿಗೆ ಓದ್ತೀನಿ. 'ಈ ಚಿತ್ರದಲ್ಲಿರೋರು... ನನ್ನ ಕುರ್ಚೀಲಿ ಐದು ಸಲ ಕೂತರು...'"

"ಆರು ಸಲ ಕಣಮ್ಮ," ಎಂದು ಪಕ್ಕದಿಂದ ಇಣುಕಿದ, ಆ ಭಾಷೆ ಬಾರದ ಖಜಾಂಚಿ ತಿದ್ದಿದರು.

"ಆರು ಸಲ. 'ನಾನು ಎಷ್ಟು ಕೊರೆದರೂ, ಪ್ರಾಚೀನ ಮ್ಯಾಸಿಡೋನಿಯನ್ನರು ಗ್ರೀಕರಲ್ಲ ಅಂತ ಒಪ್ಪದೆ ಎದ್ದು ಹೋದ ಗ್ರೀಕರು ಇವರೊಬ್ಬರೇ. ಅದಕ್ಕೇ ಗೌರವದಿಂದ ಗೋಡೆಗೆ ಹಾಕಿದ್ದೆ.'"

ಸಭೆಯಲ್ಲಿ ಸಣ್ಣ ಗುಜುಗುಜು ಎದ್ದಿತು. ಎವ್ದೋಕ್ಸಿಯಾಳ ಬೆರಳು ಮುಂದಿನ ಸಾಲಿಗೆ ಇಳಿದು ನಿಂತುಬಿಟ್ಟಿತು. ಅವಳು ಗಂಡನ ಮುಖ ನೋಡಿದಳು.

"ಮುಂದೆ ಕಾಣ್ತಿಲ್ಲ," ಅಂದಳು.

"ನನಗೆ ಕಾಣ್ತಿದೆ," ಎಂದು ಖಜಾಂಚಿ ಫೋಟೋ ಕಸಿದು, ಬಾರದ ಭಾಷೆಯನ್ನು ನೀರು ಕುಡಿದಷ್ಟು ಸಲೀಸಾಗಿ ಓದಿದರು. "'ಇವತ್ತು ಎರಡು ಹಲ್ಲು ಕಟ್ಟಿಸ್ಕೊಂಡು, ಗ್ರೀಕರಲ್ಲ ಅಂತ ಒಂದೇ ನಿಮಿಷದಲ್ಲಿ ಬರೆದು, ಹುದ್ದೆ ಸಮೇತ ಸಹಿ ಹಾಕಿ, ಬದಲಿಗೆ ಈ ಚಿತ್ರ ತಗೊಂಡು ಹೋದ ಸಂಘದ ಅಧ್ಯಕ್ಷ ಪಾಂದೆಲಿಸ್ ಅವರಿಗೆ ಪ್ರೀತಿಯಿಂದ. ಇಂತಿ ಡಾಕ್ಟರ್ ಬ್ಲಾಗೋಯಾ.' ತಾರೀಕು ಇವತ್ತಿನದೇ ಹಾಕಿದಾರೆ."

ಪಾಂದೆಲಿಸ್ ಏನೋ ಹೇಳಲು ಬಾಯಿ ತೆಗೆದ. ಹತ್ತಿ ಇಲ್ಲದಿದ್ದರೂ "ಆಂ" ಎಂದಷ್ಟೇ ಬಂತು.

ಆಮೇಲಿನದೆಲ್ಲ ಬೇಗ ಬೇಗ ಆಯಿತು. ಮೇಷ್ಟ್ರ ರಾಜೀನಾಮೆಯನ್ನು ಸಭೆ ತೆಗೆದುಕೊಳ್ಳಲಿಲ್ಲ. ಆರು ಸಲ ಕೊರೆಸಿಕೊಂಡು ಒಪ್ಪದ ಗಂಡಸು ಬೇರೆ ಯಾರಿದ್ದಾರೆ ಎಂದು ಸೊತಿರಿಸ್ ಕೂಗಿದ. ಮೊದಲ ಸಲಕ್ಕೇ ಒಪ್ಪಿ ಡಾಕ್ಟರ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟಿದ್ದವರೆಲ್ಲ ಜೋರಾಗಿ ಚಪ್ಪಾಳೆ ಹೊಡೆದರು. ಅಧ್ಯಕ್ಷಗಿರಿ ಮೇಷ್ಟ್ರದಾಯಿತು.

"ನನ್ನ ಉಚ್ಚಾಟನೆ ಮಾಡಿ!" ಎಂದು ಪಾಂದೆಲಿಸ್ ಕಿರುಚಿದ. ಹೊರಗೆ ಹಾಕಿದರೆ ನಾಳೆಯಿಂದ ಊರಿನಲ್ಲಿ ಅನ್ಯಾಯವಾದವನ ಹಾಗಾದರೂ ಓಡಾಡಬಹುದೆಂಬುದು ಅವನ ಲೆಕ್ಕ. ಸೋತವನಿಗೆ ಅದೂ ಒಂದು ಮರ್ಯಾದೆಯೇ.

"ಛೆ, ಎಲ್ಲಾದ್ರೂ ಉಂಟಾ!" ಅಂದರು ಹೊಸ ಅಧ್ಯಕ್ಷರು. ಅವರ ದನಿಯಲ್ಲಿ ಒಂದು ಚೂರೂ ಕೊಂಕಿರಲಿಲ್ಲ. ಪಾಂದೆಲಿಸ್‌ಗೆ ಸಹಿಸಲಾಗದೆ ಹೋದದ್ದು ಅದೇ. "ಹಲ್ಲುನೋವಲ್ಲಿ ಮನುಷ್ಯ ಏನು ಬೇಕಾದ್ರೂ ಬರೀತಾನೆ. ನನ್ನ ಮೊದಲನೇ ನಿರ್ಣಯ ಇದು. ಆ ಗಡಿ ನಿಯಮ ಇವತ್ತಿಗೆ ರದ್ದು, ಪಾಂದೆಲಿಸ್‌ಗೆ ಪೂರ್ತಿ ಕ್ಷಮೆ. ಒಪ್ಪೋರು ಕೈ ಎತ್ತಿ."

ಭವನದ ತುಂಬ ಕೈಗಳು ಎದ್ದವು. ಒಂದನ್ನು ಬಿಟ್ಟು.

"ಸರ್ವಾನುಮತ ಆದ್ರೆ ಚೆನ್ನಾಗಿರುತ್ತೆ ಪಾಂದೆಲಿ," ಎಂದು ಮೇಷ್ಟ್ರು ಅವನ ಕಡೆ ತಿರುಗಿ, ಪ್ರೀತಿಯಿಂದ, ಮೂವತ್ತೆರಡು ಹಲ್ಲೂ ಕಾಣುವ ಹಾಗೆ ನಕ್ಕರು.

ಪಾಂದೆಲಿಸ್ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತ. ಎವ್ದೋಕ್ಸಿಯಾ ಎದ್ದು ಬಂದು, ಅವನ ಮೊಣಕೈ ಹಿಡಿದು ಎತ್ತಿ, ಖಜಾಂಚಿ ಎಣಿಸಿ ಮುಗಿಸುವವರೆಗೂ ಹಾಗೇ ಹಿಡಿದುಕೊಂಡಿದ್ದಳು.